ಕಲ್ಲಿನ ಕೊನೆಯ ಸಾಲು

ಮಾರ್ಚ್ ೩, ರಾತ್ರಿ ಎರಡೂವರೆ

ಬಕೆಟ್ಟಿನ ಹಿಡಿ ಠಣ್ ಎಂದಿತು. ಎಚ್ಚರವಾಯಿತು. ಪಾಪು ಅಲ್ಲ, ಅಪ್ಪ. ಶೆಡ್ಡಿನಲ್ಲಿ ಕಲ್ಲು ತೊಳೆಯುತ್ತಿದ್ದಾರೆ. ಊರಿನ ಪ್ರಾರ್ಥನಾ ಮಂದಿರಕ್ಕೆ ಯಾರೋ ಬೆಂಕಿ ಇಟ್ಟಂದಿನಿಂದ ಯಾವ ಸದ್ದಾದರೂ ಎದ್ದು ಕೂರುತ್ತೇನೆ. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರಾಡುತ್ತಿದೆ. ಮತ್ತೊಮ್ಮೆ ನೋಡಿದೆ.

ಅಲ್ಲಿ ಸತ್ತವರ ಹೆಸರು ಕೆತ್ತುವ ಕೆಲಸ ಅಪ್ಪನಿಗೇ ಬಂದಿದೆ. ಅವರಷ್ಟು ಚೆನ್ನಾಗಿ ಅಕ್ಷರ ಕೆತ್ತುವವರು ಇಲ್ಲಿಲ್ಲ, ನಿಜ. ಆದರೆ ಕೊನೆಯ ಹೆಸರು ನನ್ನ ತಮ್ಮನದು...

ಮಾರ್ಚ್ ೫, ಮಧ್ಯಾಹ್ನ

ಅಪ್ಪನ ಪದ್ಧತಿ — ಸತ್ತವರ ಮನೆಯವರೇ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ತಾಯಿ ಇದ್ದರೆ ತಾಯಿಯೇ. ಆಮೇಲೇ ಉಳಿ. ಚೀಟಿ ಕೊಟ್ಟರೆ ಮುಟ್ಟುವುದಿಲ್ಲ.

ಇವತ್ತು ಗಂಡನ ಹೆಸರು ಹೇಳಲು ಟೈಲರ್ ಹೆಂಡತಿ ಬಂದಿದ್ದರು. "ಬದುಕಿದ್ದಾಗ ಒಂದೇ ಸಲ ಕರೆದ್ರೆ ಓಗೊಟ್ಟೋರೇ ಅಲ್ಲ. ಜೋರಾಗೇ ಹೇಳ್ತೀನಿ."

"ಹೇಳಮ್ಮ, ಕಲ್ಲಿಗೂ ಕಿವಿ ಮಂದ" ಅಂದರು ಅಪ್ಪ. ಇಬ್ಬರೂ ನಕ್ಕರು.

ಹೊರಡುವಾಗ ಆಕೆ: "ಹೊಗೇಲಿ ಹಿಂದಿನ ಬಾಗ್ಲು ಹಿಡ್ಕೊಂಡು ನಿಂತು ನನ್ನ ಮಕ್ಕಳನ್ನ ಆಚೆ ತಳ್ಳಿದ್ದು ನಿಮ್ಮ ಮಗ."

ನನ್ನ ತಮ್ಮ! ಕುಡಿದ ಲೋಟ ಎತ್ತಿಡಲು ಮೈಭಾರ ಎನ್ನುತ್ತಿದ್ದವನು...

ಮಾರ್ಚ್ ೬

ಕಲ್ಲು ನಿಲ್ಲಿಸುವ ಕಮಿಟಿಯ ಮೇಷ್ಟ್ರು ಬಂದರು. "ನಿಮ್ಮ ಮಗನಿಗೆ ಮನೇಲಿ ಇಟ್ಟ ಹೆಸರೇ ಕೆತ್ತಿಬಿಡಿ. ನಿಮ್ಮ ಮನೆಯವರಿಗೂ ಸಮಾಧಾನ."

"ಸಾಯೋವಾಗ ಅವನಿಗಿದ್ದ ಹೆಸರು ಅದಲ್ವಲ್ಲ ಮೇಷ್ಟ್ರೇ. ನಂಬಿಕೆ ಅವನದು, ಹೆಸರೂ ಅವನೇ ಇಟ್ಕೊಂಡಿದ್ದು. ಕಲ್ಲು ಮಾತ್ರ ನಂದು."

ಇದೇ ಅಪ್ಪ, ಅವನು ಧರ್ಮ ಬದಲಿಸಿದ ದಿನ ತಟ್ಟೆ ಬಿಟ್ಟು ಎದ್ದುಹೋಗಿದ್ದವರು. ಬಾಗಿಲ ಹಿಂದೆ ನಿಂತಿದ್ದ ನಾನು ಪಾಪುವಿನ ಕಿವಿಯಲ್ಲಿ ಹೇಳಿದೆ — ನೋಡು, ನಿನ್ನ ತಾತ.

ಮಾರ್ಚ್ ೧೧, ರಾತ್ರಿ ಹನ್ನೊಂದು

ಉಳಿದ ಹೆಸರೆಲ್ಲ ಮುಗಿದಿವೆ. ಕೊನೆಯ ಸಾಲು ಖಾಲಿ. ನಾನು ಹೇಳಿದೆ, ಆ ಹೊಸ ಹೆಸರನ್ನು, ಗಟ್ಟಿಯಾಗಿಯೇ.

"ಹೆತ್ತವಳು ಇದಾಳಲ್ಲಮ್ಮ."

"ನೀವು ಹೇಳಿದ್ರೆ ಆಗಲ್ವಾ ಅಪ್ಪ?"

"ತಾನೇ ಹೇಳ್ಕೊಂಡು ತಾನೇ ಕೆತ್ತೋದಾ? ಅವರಿಗೆಲ್ಲ ಒಂದು ರೀತಿ, ನಮ್ಮನೆಗೊಂದು ರೀತಿನಾ?"

ಅಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. "ನಾನಿಟ್ಟ ಹೆಸರು ಬಿಟ್ಟು ಇನ್ನೊಂದು ನನ್ನ ಬಾಯಲ್ಲಿ ಬರಲ್ಲ" ಎಂದು, ಈ ಕಲ್ಲು ಬಂದ ದಿನವೇ ಹೊರಟುಹೋದಳು. ನಾಳೆ ಮಧ್ಯಾಹ್ನ ಕಲ್ಲು ಒಯ್ಯಲು ಲಾರಿ ಬರುತ್ತದೆ. ಬೆಳಕು ಹರಿಯುತ್ತಲೇ ಉಳಿ ಹಿಡಿದರೆ ಮಾತ್ರ ಮುಗಿದೀತು. ಇಲ್ಲದಿದ್ದರೆ ಆ ಸಾಲು ಖಾಲಿಯೇ ಹೋಗುತ್ತದೆ.

ಅದೇ ರಾತ್ರಿ, ಮೂರು ಗಂಟೆ

ಅಮ್ಮ, ಈ ಪುಟಗಳ ಫೋಟೊ ತೆಗೆದು ನಿನಗೇ ಕಳಿಸುತ್ತೇನೆ. ನಿನಗೂ ನಿದ್ದೆ ಬಂದಿರುವುದಿಲ್ಲ, ಗೊತ್ತು. ಅಪ್ಪ ಉಳಿ ಮಸೆದಿಟ್ಟು, ಫೋನನ್ನು ಕಲ್ಲಿನ ಮೇಲಿಟ್ಟುಕೊಂಡು ಕೂತಿದ್ದಾರೆ. ನೀನಿಟ್ಟ ಹೆಸರು ನಿನ್ನ ಹತ್ತಿರವೇ ಇರಲಿ, ಯಾರು ಕಿತ್ತುಕೊಳ್ಳುತ್ತಾರೆ? ಕಲ್ಲಿಗೆ ಬೇಕಿರುವುದು ಬಾಗಿಲು ಹಿಡಿದು ನಿಂತವನ ಹೆಸರು. ಅವನನ್ನೂ ನೀನೇ ಹೆತ್ತದ್ದು ಅಮ್ಮ. ಅಳು ಬಂದರೆ ಅಳು, ಅಪ್ಪ ಕಾಯುತ್ತಾರೆ. ಬೆಳಗಾಗುವುದರೊಳಗೆ ಫೋನ್ ಮಾಡಮ್ಮ. ಬೇರೇನೂ ಮಾತಾಡಬೇಡ. ಆ ಹೆಸರೊಂದು —