ನೇರಳೆ ಅಕ್ಷರದ ಡಬ್ಬಿ

ಆಗಸ್ಟ್ 20, 2000. ಭಾನುವಾರ

ಇಸ್ತ್ರಿ ಆಯಿತು. ಐದು ಷರ್ಟು. ಮೂರರ ಮೇಲೆ ಸಾರಿನ ಕಲೆ ಹಾಗೇ ಇದೆ. ಕಲಾ ಇಲ್ಲದ ಮನೆಯಲ್ಲಿ ಕಲೆಗೇನೂ ಬರವಿಲ್ಲ.

ಹೆಂಡತಿ ಸೇತುವೆ ದಾಟಿ ಮ್ಯಾನ್‌ಹಾಟನ್‌ಗೆ ಹೋಗಿಬರಲು ಹತ್ತಿರವೆಂದು ಈ ಫೋರ್ಟ್ ಲೀ ಮನೆ ಹಿಡಿದದ್ದು. ಜನವರಿಯಲ್ಲಿ ಆರು ತಿಂಗಳ ಪ್ರಾಜೆಕ್ಟ್ ಅಂತ ದೇಶದ ಇನ್ನೊಂದು ತುದಿಯ ಸ್ಯಾನ್ ಹೋಸೆಗೆ ಹೋದಳು. ಎಂಟನೆಯದು ಮುಗಿಯುತ್ತಾ ಬಂತು. ಸೇತುವೆ ಇಲ್ಲೇ ಇದೆ, ದಾಟುವವಳು ಅಲ್ಲಿ. ನಾನು ದಿನಾ ಉಲ್ಟಾ ದಿಕ್ಕಿಗೆ, ಓಲ್ಡ್ ಬ್ರಿಡ್ಜ್ ಎಂಬ ಊರಿನ ಆಫೀಸಿಗೆ, ಒಂದೂವರೆ ಗಂಟೆ ಕಮ್ಯೂಟ್ ಮಾಡುತ್ತೇನೆ.

ಮಧ್ಯಾಹ್ನ ಫೋನ್ ಮಾಡಿದ್ದಳು.

"ಇಲ್ಲೇ ಪರ್ಮನೆಂಟ್ ಆಗಿ ಇರ್ತೀಯಾ ಅಂತ ಕೇಳ್ತಿದಾರೆ. ದೀಪಾವಳಿಯೊಳಗೆ ಹೇಳ್ಬೇಕು. ನೀನೇನಂತೀಯ?"

"ಇಷ್ಟ ನಿಂದು, ಕಷ್ಟ ನಂದು."

"ಸೀರಿಯಸ್ಸಾಗಿ ಹೇಳೋ ಅರವಿಂದ."

ನಕ್ಕೆ. ಬೇಡ, ಬಂದುಬಿಡು... ಎರಡೇ ಪದ. ನಾಲಗೆ ತುದಿಗೆ ಬಂದು, ಯೂ-ಟರ್ನ್ ಹೊಡೆದು, ಜೋಕಾಗಿ ಹೊರಟಿತು.

ಆಗಸ್ಟ್ 22

ನಾನು ಕೆಲಸ ಮಾಡುವ ಸುಂದರಿ ಫುಡ್ಸ್‌ನಿಂದ ಹೊಸ ಚಟ್ನಿಪುಡಿ ಬರುತ್ತಿದೆ. ಡಬ್ಬಿಯ ಡಿಸೈನ್ ನನ್ನ ಕೆಲಸ. ಯಜಮಾನರು ಮಂಗಳೂರು ಕಡೆಯ ಮೋನಪ್ಪಣ್ಣ. ಕಂಪನಿಯ ಹೆಸರು ಹೆಂಡತಿಯದು, ಕೈರುಚಿ ಹೆಂಡತಿಯದು. ಇನ್‌ಕಾರ್ಪೊರೇಟೆಡ್ ಮಾತ್ರ ಅವರದು.

"ಕೇಸರಿ ಬಣ್ಣ ಹಾಕು ಮಾರಾಯ. ಒಂದು ಆನೆ. ಜಾಗ ಉಳಿದ್ರೆ ತಾಜ್‌ಮಹಲ್."

"ಅದು ಗೋರಿ, ಮೋನಪ್ಪಣ್ಣ. ತಿನ್ನೋ ಡಬ್ಬಿ ಮೇಲೆ ಯಾಕೆ?"

"ಹಾಗಾದ್ರೆ ಆನೆ ಎರಡು ಹಾಕು."

ಇದ್ದ ಕನ್ನಡ ಫಾಂಟ್ ಎಲ್ಲಾ ಹಾಕಿ ನೋಡಿದೆ. ಚಟ್ನಿಪುಡಿ ಅಂತ ಓದಿದರೆ ನಾಲಗೆ ಚುರ್ ಅನ್ನಬೇಕು. ಇವನ್ನು ಓದಿದರೆ ಕಂದಾಯ ಕಟ್ಟಬೇಕು ಅನಿಸುತ್ತದೆ.

ಆಗಸ್ಟ್ 27. ಬೆಳಿಗ್ಗೆ

ದೋಸೆಗೆಂದು ನಮ್ಮನೆಯ ಚಟ್ನಿಪುಡಿ ಡಬ್ಬಿ ಇಳಿಸಿದೆ. ಖಾಲಿ. ಮೇಲಿನ ಚೀಟಿಯಲ್ಲಿ ಮಾತ್ರ ಚಟ್ನಿಪುಡಿ ತುಂಬಿಕೊಂಡಿದೆ.

ನಮ್ಮವರ ಅಡುಗೆಮನೆಯಲ್ಲಿ ಡಬ್ಬಿಯ ಮೇಲೆ ಅಚ್ಚಾದದ್ದನ್ನು ಯಾರೂ ನಂಬುವುದಿಲ್ಲ. ಕಾಫಿ ಡಬ್ಬಿಯಲ್ಲಿ ಕಡಲೆಬೇಳೆ, ಮೊಸರಿನ ಡಬ್ಬಿಯಲ್ಲಿ ನಿನ್ನೆಯ ಸಾರು. ಮದುವೆಯ ಹೊಸದರಲ್ಲಿ ನಾನು ಸಕ್ಕರೆ ಡಬ್ಬಿಯಲ್ಲಿದ್ದ ಉಪ್ಪನ್ನು ಕಾಫಿಗೆ ಬೆರೆಸಿ, ಅವಳು ಮಾಡಿಟ್ಟ ಡಿಕಾಕ್ಷನ್ನೇ ಹಾಗೆಂದುಕೊಂಡು, ಮರ್ಯಾದೆಗೆ ಪೂರ್ತಿ ಕುಡಿದೆ. ಅವತ್ತಿನಿಂದ ಕಲಾ ಚೀಟಿ ಅಂಟಿಸತೊಡಗಿದಳು. ನೇರಳೆ ಸ್ಕೆಚ್ ಪೆನ್. ಅವಸರದ ಕೈ. ಅವಳ ಗುಡಿಸು ಅಕ್ಷರದ ತಲೆ ಮೇಲೆ ಕೂರುವುದೇ ಇಲ್ಲ. ಗಾಳಿಗೆ ಮಗುಚಿದ ಕೊಡೆಯ ಹಾಗೆ ಬಲಕ್ಕೆ ಹಾರುತ್ತದೆ.

ಅಕ್ಷರವೆಂದರೆ ಅಳಿಯದ್ದು ಅಂತ ಕಾಲೇಜಿನಲ್ಲಿ ಓದಿದ್ದೆ. ಇವು ನನ್ನ ಒದ್ದೆ ಕೈಗೇ ಅರ್ಧ ಅಳಿದಿವೆ.

ಚೀಟಿ ಬಿಡಿಸಿಕೊಂಡೆ. ನಾಳೆ ಆಫೀಸಿನಲ್ಲಿ ಸ್ಕ್ಯಾನ್ ಮಾಡುತ್ತೇನೆ. ನಮ್ಮ ಡಬ್ಬಿಗಳು ಅವಳಿರುವ ಕಡೆಯ ಅಂಗಡಿಗಳಿಗೂ ಹೋಗುತ್ತವೆ. ನೋಡುತ್ತಾಳೆ. ತನ್ನದೇ ಕೈ, ಗುರುತು ಸಿಗದೇ ಇರುತ್ತದೆಯೇ. ನನ್ನ ಬಾಯಿಗೆ ಬಾರದ್ದನ್ನು ಡಬ್ಬಿ ಹೇಳಲಿ.

ಸೆಪ್ಟೆಂಬರ್ 12

ಪ್ರೂಫ್ ತೋರಿಸಿದೆ. ಹುರಿಗಡಲೆಯ ಹಳದಿ ಮೈ, ಬ್ಯಾಡಗಿ ಕೆಂಪಿನ ಮುಚ್ಚಳ, ನಡುವೆ ಅಂಗೈಯಗಲ ನೇರಳೆ ಅಕ್ಷರ.

"ಇದೆಂಥದ್ದು? ನೇರಳೆ ನೋಡಿದ್ರೆ ಹಸಿವಾಗ್ತದಾ?" ಅಂದರು ಮೋನಪ್ಪಣ್ಣ.

ಡಿಸೈನ್ ಪುಸ್ತಕದ ಪ್ರಕಾರ ಆಗುವುದಿಲ್ಲ. ಸುಂದರಿ ಅಕ್ಕ ಕನ್ನಡಕ ಏರಿಸಿ ನೋಡಿದರು.

"ಅಂಗಡಿಯದ್ದು ಅಂತಲೇ ಕಾಣುದಿಲ್ಲ. ಯಾರದ್ದೋ ಮನೆಯ ಡಬ್ಬಿಯ ಹಾಗೆ ಉಂಟು. ಇರ್ಲಿ ಇದೇ."

ಆಮೇಲೆ ನನ್ನ ಕಡೆ ತಿರುಗಿ, "ಯಾರ ಕೈಬರಹ?"

"ಫಾಂಟು, ಅಕ್ಕ."

"ಫಾಂಟಿಗೂ ಒಂದು ಹೆಸರು ಇರ್ತದಲ್ಲ?"

ಪ್ರೂಫ್ ತಿರುಗಿಸಿ ಹಿಂಬದಿ ತೋರಿಸಿದೆ.

ಆನೆ ಉಳಿಯಿತು. ಹಿಂಬದಿಯಲ್ಲಿ, ಒಂದೇ, ಸುತ್ತ ಖಾಲಿ ಜಾಗ ಬಿಟ್ಟುಕೊಂಡು. ಮಾಡೆಲ್ ಯಾರೆಂದು ಯಾರೂ ಕೇಳಲಿಲ್ಲ.

ಅಕ್ಟೋಬರ್ 8. ಭಾನುವಾರ

ಡಬ್ಬಿ ಕಲಾ ಇರುವ ಕಡೆಗೆ ತಲುಪಿ ವಾರವಾಯಿತು. ಫೋನಿನಲ್ಲಿ ಕೇಳಿದೆ.

"ಇಂಡಿಯನ್ ಅಂಗಡಿಗೆ ಹೋಗಿದ್ಯಾ?"

"ಟೈಮೆಲ್ಲಿ?"

"ಹೋಗು. ತರಕಾರಿ ತಿನ್ನು."

"ನಿಂಗ್ಯಾವಾಗಿಂದ ತರಕಾರಿ ಚಿಂತೆ?"

ಅಕ್ಟೋಬರ್ 22. ಭಾನುವಾರ

ಇವತ್ತಿನ ಫೋನ್ ಮಾತು ಪೂರ್ತಿ ಬರೆದಿಡುತ್ತೇನೆ.

"ನಿಮ್ಮ ಸುಂದರಿ ಡಬ್ಬಿ ಸಿಕ್ತು ಕಣೋ. ಪುಡಿ ಚೆನ್ನಾಗಿತ್ತು. ಖಾಲಿನೂ ಆಯ್ತು."

"ಡಬ್ಬಿ?"

"ಗಟ್ಟಿಯಾಗಿದೆ. ತೊಳೆದು ಸಾಸಿವೆ ತುಂಬಿಟ್ಟೆ."

"ಅಕ್ಷರ ನೋಡಿದ್ಯಾ?"

"ಯಾರೋ ಗಡಿಬಿಡೀಲಿ ಬರೆದ ಹಾಗಿತ್ತು. ನೀನೇನಾ ಮಾಡಿದ್ದು? ಅಯ್ಯೋ, ಅದರ ಮೇಲೇ ಚೀಟಿ ಅಂಟಿಸಿಬಿಟ್ಟೆ. ಸಾಸಿವೆ ಅಂತ."

"ಯಾವ ಪೆನ್ನು?"

"ನೇರಳೆ. ಯಾಕೆ?"

ಏನೋ ಜೋಕ್ ಮಾಡಿದೆ. ನಕ್ಕಳು. ಏನಂದೆನೋ ನೆನಪಿಲ್ಲ.

ಕೆಳಗೂ ಅವಳ ಕೈಬರಹ, ಮೇಲೂ ಅವಳ ಕೈಬರಹ. ತನ್ನ ಕೈಯನ್ನು ತಾನೇ ಮುಚ್ಚಿ ಅಂಟಿಸಿದ್ದಾಳೆ. ಅದಿರಲಿ, ದಿನಾ ಬರೆಯುವವರು ತಮ್ಮ ಅಕ್ಷರ ನೋಡಿಕೊಳ್ಳುವುದಿಲ್ಲ. ಚುಚ್ಚುತ್ತಿರುವುದು ಸಾಸಿವೆ. ಆರು ತಿಂಗಳಿಗೆ ಹೋದವರು ಡಬ್ಬಿ ತುಂಬಾ ಸಾಸಿವೆ ಇಡುವುದಿಲ್ಲ. ಅದಕ್ಕೊಂದು ಚೀಟಿ ಅಂಟಿಸುವುದಿಲ್ಲ. ಚೀಟಿ ಅಂಟಿಸಿದರೆ ಅದು ಮನೆ.

ಗುರುವಾರ ದೀಪಾವಳಿ.

ಅಕ್ಟೋಬರ್ 26. ಬೆಳಿಗ್ಗೆ 10:20. ಅಲ್ಲಿ 7:20

ರಜೆ ಹಾಕಿದ್ದೇನೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಅವಳು ಏನೇ ಅಂದರೂ ಅದನ್ನೇ ಓದುವುದು: ಬೇಡ ಕಲಾ, ಬಂದುಬಿಡು. ಕಪ್ಪು ಬಾಲ್‌ಪೆನ್. ಬಣ್ಣ ಇಲ್ಲ, ಡಿಸೈನ್ ಇಲ್ಲ, ಆನೆ ಇಲ್ಲ.

ಡಯಲ್ ಮಾಡಿದೆ. ಎರಡು ರಿಂಗ್. ಎತ್ತಿದಳು. ಹಿಂದೆ ಎಣ್ಣೆ ಕಾಯುವ ಸದ್ದು.

"ಲೈನಲ್ಲೇ ಇರು, ಸಾಸಿವೆ ಹಾಕಿದೀನಿ, ಸೀದುಹೋಗತ್ತೆ."

ರಿಸೀವರ್ ಎಲ್ಲೋ ಇಟ್ಟಳು. ಕಾಯುತ್ತಿದ್ದೇನೆ. ಕೈಯಲ್ಲಿ ಪೆನ್ನಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸಿಡಿಯುತ್ತಿದೆ. ಮೂರು ಸಾವಿರ ಮೈಲಿಯಿಂದ ಒಂದೊಂದು ಕಾಳೂ ಕೇಳಿಸುತ್ತಿದೆ. ನಿಂತಿತು. ಡಬ್ಬಿಗೆ ಮುಚ್ಚಳ ಒತ್ತಿದ ಸದ್ದು. ಬರುತ್ತಿದ್ದಾಳೆ. ತಮಾಷೆ ಬೇಡ. ಹಾಳೆ... ಇಲ್ಲೇ ಇಟ್ಟಿದ್ದೆ, ಹಾಳೆ ಎಲ್ಲಿ —