ಅಂಗಡಿಯಿಂದ ತಂದ ಮುತ್ತಜ್ಜನ ಅಪ್ಪ

ವಸ್ತುಸಂಗ್ರಹಾಲಯದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಹಳೆಯ ಚಿತ್ರಗಳ ಗೋಡೆಯಲ್ಲಿ ಹುರಿಮೀಸೆಯ ಒಬ್ಬ ಗಂಭೀರ ಮನುಷ್ಯನ ಕೆಳಗೆ ‘ಹತ್ತೊಂಬತ್ತನೇ ಶತಮಾನ, ವ್ಯಕ್ತಿ ಅಪರಿಚಿತ’ ಎಂದು ಚೀಟಿ ಅಂಟಿಸಿದ್ದೀರಿ. ನನ್ನ ತಕರಾರು ಆ ಚೀಟಿಯ ಮೇಲೆ. ಅದೇ ಚಿತ್ರ ನಮ್ಮ ನಡುಮನೆಯಲ್ಲಿ ನನ್ನ ಮುತ್ತಜ್ಜನ ಅಪ್ಪನಾಗಿ ತೂಗುತ್ತಿದೆ. ಕಾಲೇಜಿನ ದಿನಗಳಿಂದ ನಾನು ತಿರುವುತ್ತಿರುವ ಮೀಸೆ ಅದನ್ನು ನೋಡಿ ಬಿಟ್ಟದ್ದು. ಮೂಗು ಕೂಡ ಅವರದೇ ಎಂದು ಮದುವೆಗೆ ಮೊದಲೇ ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದೆ.

ಎಂಬತ್ತೈದು ದಾಟಿದ ನನ್ನ ಸೋದರತ್ತೆ, “ನಾನಿರೋದ್ರೊಳಗೆ ಅಲ್ಲಿ ಅವರ ಹೆಸರು ಹಾಕಿಸೋ” ಎಂದರು. ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತೆ ತಲೆಯನ್ನೂ ಎತ್ತದೆ, “ಮೀಸೆ ತಾತನ ಕಡೆಯವರಾ? ಆ ಬೆಂಚಲ್ಲಿ ಕೂತ್ಕೊಳ್ಳಿ ಸಾರ್” ಎಂದರು. ಬೆಂಚಿನಲ್ಲಿ ಆಗಲೇ ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ನಿವೃತ್ತ ಕಂಡಕ್ಟರು ಅದೇ ತಾತನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೂವರೂ ಒಬ್ಬರ ಮೂಗನ್ನೊಬ್ಬರು ನೋಡಿಕೊಂಡೆವು. ಒಂದಕ್ಕೊಂದು ಸಂಬಂಧವಿರಲಿಲ್ಲ.

“ಪೇಟೆಯ ಹಳೇ ಚೌಕಟ್ಟಿನ ಅಂಗಡಿ ಮುಚ್ಚಿದಾಗ ನಮಗೆ ಈ ಚಿತ್ರದ್ದೇ ಒಂದು ಕಟ್ಟು ಸಿಕ್ತು. ಖಾಲಿ ಚೌಕಟ್ಟು ಚಂದ ಕಾಣ್ಲಿ ಅಂತ ಇದನ್ನ ಒಳಗೆ ಹಾಕಿ ಮಾರ್ತಿದ್ರಂತೆ” ಎಂದರು ಗುಮಾಸ್ತೆ. ಊರಿಗೆಲ್ಲ ಕನ್ನಡಕ ಮಾರುವವನು ನಾನು! ಇಷ್ಟು ವರ್ಷ ನನ್ನ ಕಣ್ಣಿಗೇನಾಗಿತ್ತು?

ಅತ್ತೆಗೆ ಹೇಗಪ್ಪಾ ಹೇಳುವುದೆಂದು ಹೆದರುತ್ತಲೇ ಮನೆಗೆ ಬಂದು, ಚಿತ್ರ ಅಂಗಡಿಯದೆಂದು ತೊದಲಿದೆ. ಅವರು ನಕ್ಕರು.

“ಗೊತ್ತು ಕಣೋ. ನಮ್ಮಜ್ಜನ ಅಪ್ಪ ಬಾವಿ ತೋಡೋರು. ಒಂದಿನ ಮಣ್ಣು ಕುಸೀತು, ಮೇಲೆ ಬರ್ಲೇ ಇಲ್ಲ. ನಮ್ಮಜ್ಜ ಆಗ ತೊಟ್ಟಿಲ ಕೂಸು. ದೊಡ್ಡವರಾದ ಮೇಲೆ ಅಂಗಡಿಗೆ ಹೋಗಿ ಈ ಮುಖಾನ ಆರಿಸ್ಕೊಂಡು ಬಂದ್ರಂತೆ. ಮುಖವಂತೂ ಹೋಯ್ತು, ಹೆಸರಾದ್ರೂ ಒಂದು ಕಡೆ ಇರ್ಲಿ ಅಂತ ಆಸೆಪಟ್ಟೆ.”

ನನಗೆ ಅಳು ಬಂತು. ಮೀಸೆ ಬೋಳಿಸಲು ಹೊರಟವನನ್ನು ಅತ್ತೆಯೇ ತಡೆದರು.

ಮಾನ್ಯರೇ, ನಿಮ್ಮ ಮೆಟ್ಟಿಲ ಪಕ್ಕದಲ್ಲಿ ಮಾಜಿ ಅಧ್ಯಕ್ಷರೆಲ್ಲ ಸಾಲಾಗಿ ತೂಗುತ್ತಿದ್ದಾರೆ. ಹೆಸರು, ಪದವಿ, ಇಸವಿ ಎಲ್ಲವೂ ಉಂಟು. ಅವರನ್ನು ನೆನೆಯುವವರು ಯಾರಾದರೂ ಉಂಟೇ? ಈ ‘ಅಪರಿಚಿತ’ನನ್ನು ನಮ್ಮವನೆಂದು ಒಂದೇ ಬೆಳಿಗ್ಗೆ ಮೂರು ಮನೆಯವರು ಹುಡುಕಿಕೊಂಡು ಬಂದಿದ್ದೆವು. ಆದ್ದರಿಂದ ಆ ಚೀಟಿ ಕಿತ್ತುಹಾಕಿ. ‘ಅಪ್ಪನ ಮುಖ ನೋಡದ ಮಕ್ಕಳು ಆರಿಸಿ ತಂದ ಅಪ್ಪ’ ಎಂದು ಬರೆಸಿ, ಕೆಳಗೆ ಒಂದಿಷ್ಟು ಜಾಗ ಬಿಡಿ. ಬಂದವರು ತಮ್ಮ ತಮ್ಮವರ ಹೆಸರು ಬರೆಯಲಿ. ಮೊದಲ ಹೆಸರು ಒಬ್ಬ ಬಾವಿ ತೋಡುವವನದು. ಬರೆಯಲು ಅತ್ತೆಯನ್ನೇ ಕರೆತರುತ್ತೇನೆ. ದಯವಿಟ್ಟು ಬೇಗ ಮಾಡಿ, ಅವರಿಗೆ ಕಾಯುವ ವಯಸ್ಸಲ್ಲ.

ಇಂತಿ,
ಎರವಲು ಮೀಸೆಯ, ಯಾರದೋ ಮೂಗಿನ
ಕನ್ನಡಕದಂಗಡಿಯವನು