ಪಕ್ಕದವಳ ಲೆಕ್ಕ

ಬಲೆ ಹೆಣೆಯುವ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ನನ್ನ ಮುದ್ದು ಮಗಳೇ,

ಹೇಗಿದ್ದೀಯಮ್ಮ? ಆಸ್ಪತ್ರೆಯ ಬಟ್ಟೆ ಒಗೆದೂ ಒಗೆದೂ ಅಂಗೈ ಸುಲಿದಿದೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೇ? ನನ್ನ ಮಂಡಿಗಳು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಾ, ನಾನು ಬರುವುದನ್ನು ಮೊದಲೇ ಬೀದಿಗೆಲ್ಲ ಸಾರುತ್ತವೆ. ಬೇರೆ ತೊಂದರೆಯಿಲ್ಲ.

ಸುದ್ದಿ ನಿನ್ನ ಮಗಳದ್ದು. ಗಾಬರಿಯಾಗಬೇಡ, ಜ್ವರ ಗಿರ ಏನಿಲ್ಲ. ಅವಳು ಕಳ್ಳಿಯಾಗಿದ್ದಾಳೆ, ಅಷ್ಟೇ. ಗಣಿತದ ಪರೀಕ್ಷೆಯಲ್ಲಿ ಇವಳದು ಬೇಗ ಮುಗಿಯಿತಂತೆ. ಪಕ್ಕದ ಹುಡುಗಿ ನಾಲ್ಕನೇ ಲೆಕ್ಕದಲ್ಲಿ ಸಿಕ್ಕಿಕೊಂಡು ಅಳುತ್ತಿದ್ದಳಂತೆ. ಇವಳು ಎದ್ದುಹೋಗಿ, ಮೇಡಂ ಎದುರಿಗೇ, ಅವಳ ಬೆಂಚಿನಲ್ಲಿ ಒತ್ತಿ ಕೂತು, ಉಳಿದ ಲೆಕ್ಕಗಳನ್ನು ವಿವರಿಸುತ್ತಾ ಮಾಡಿ ಮುಗಿಸಿದಳಂತೆ. ಇಷ್ಟು ರಾಜಾರೋಷವಾಗಿ ಕದ್ದವಳನ್ನು ಆ ಶಾಲೆ ಕಂಡಿರಲಿಕ್ಕಿಲ್ಲ. ಕೇಳಿದ್ದಕ್ಕೆ, "ಮುಗಿಸಿದವರು ಮುಗಿಸದವರ ಸಾಲಿಗೆ ಕೈಹಾಕ್ಬೇಕಲ್ವಾ ಮೇಡಂ?" ಅಂದಳಂತೆ. ನಮ್ಮ ಮನೆಯಲ್ಲಿ ಎಲ್ಲರೂ ಕಲಿತದ್ದು ಹಾಗೇ ತಾನೇ? ನಿನಗೆ ಬಲೆಯ ಗಂಟು ಹಾಕುವುದನ್ನು ನಾನೆಲ್ಲಿ ಕಲಿಸಿದೆ? ನಿನ್ನಕ್ಕ ತನ್ನ ಸಾಲು ಮುಗಿಸಿ ನಿನ್ನ ಪಕ್ಕ ಬಂದು ಕೂತಳು, ನೀನು ಅವಳ ಬೆರಳು ನೋಡಿದೆ. ಒಬ್ಬರ ಸಾಲು ಸಡಿಲವಾದರೂ ಎಲ್ಲರ ಮೀನೂ ಅಲ್ಲಿಂದಲೇ ಜಾರುತ್ತದೆ.

ಇಬ್ಬರಿಗೂ ಸೊನ್ನೆ. ನಾನು ಇಸ್ತ್ರಿ ಅಂಗಿ ತೊಟ್ಟು ಮಹಾಪಂಡಿತನ ಗತ್ತಿನಲ್ಲಿ ಹೆಡ್ ಮೇಡಂ ಕೋಣೆಗೆ ಹೋದೆ. ಮಕ್ಕಳ ಕುರ್ಚಿಯಲ್ಲಿ ಕೂರಿಸಿದರು; ಅರ್ಧ ಪಾಂಡಿತ್ಯ ಅಲ್ಲೇ ಕುಗ್ಗಿತು. ಆದರೂ ನಾವು ಬಲೆ ಹೆಣೆಯುವ ಪದ್ಧತಿಯನ್ನೆಲ್ಲ ವಿವರಿಸಿ, ದಿನಕ್ಕೆ ಅರ್ಧ ಗಂಟೆ ಮಕ್ಕಳಿಗೆ ಮಕ್ಕಳೇ ಕಲಿಸಲಿ, ಆಮೇಲೆ ನೋಡಿ ಎಂದೂ ಹೇಳಿದೆ. ಒಳ್ಳೆಯ ಹೆಂಗಸೇ. ಕುಡಿಯಲು ನೀರು ಕೊಟ್ಟು, "ತಾತಾ, ಇಲ್ಲಿ ಒಬ್ಬೊಬ್ರ ಬಲೆ ಬೇರೆ ಬೇರೆ" ಅಂದರು. 'ನಾನು ಮಾಡಿದ್ದು ತಪ್ಪು' ಎಂದು ಬರೆದುಕೊಟ್ಟರೆ ಸರಿ, ಇಲ್ಲವಾದರೆ ಹೆಸರು ತೆಗೆಯುತ್ತಾರಂತೆ. ಮೂರು ದಿನ ಅವಳು ಪೆನ್ನು ಮುಟ್ಟಲಿಲ್ಲ. ಹಟದಲ್ಲಿ ನಿನ್ನದೇ ಅಚ್ಚು. ನಿನ್ನೆ ಬರೆದಳು, ಇಂದು ಶಾಲೆಗೆ ಹೋದಳು. ಚಿಂತೆ ಬೇಡ.

ಕೈಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆ ಒಗೆಯುವ ಅಕ್ಕಂದಿರಿಗೆಲ್ಲ ಈ ಮುದುಕ ಕೇಳಿದ ಎಂದು ಹೇಳು.

ನಿನ್ನ ಅಪ್ಪ

ತಡೆ, ಇದೊಂದು ಉಳಿಯಿತು. ಅವಳು ತಾನಾಗಿ ಬರೆಯಲಿಲ್ಲ ಮಗಳೇ. ನಾನೇ ಕೂರಿಸಿಕೊಂಡು, ನಮ್ಮ ಪದ್ಧತಿಯೇ ತಪ್ಪು ಕಣಮ್ಮ ಅಂದೆ. "ಅಮ್ಮಂಗೂ ದೊಡ್ಡಮ್ಮಂಗೂ ತಪ್ಪೇ ಕಲಿಸಿದ್ದಾ ತಾತಾ?" ಅಂತ ಕೇಳಿದಳು. ಹೌದು ಅಂದೆ. ಶಾಲೆ ಉಳಿಯಿತು. ನಾನು ಹಾಗಂದದ್ದು ಸುಳ್ಳು, ನಮ್ಮ ಪದ್ಧತಿ ಸರಿಯೇ ಎಂದು ಇವತ್ತು ಬೆಳಿಗ್ಗೆ ಹೇಳಿ ನೋಡಿದೆ. ನನ್ನ ಬೆನ್ನು ಸವರಿ, "ಪರವಾಗಿಲ್ಲ ತಾತಾ, ನಿಂಗೇನು ಗೊತ್ತಿತ್ತು" ಅಂದಳು. ಎರಡು ದಿನ ರಜೆ ಕೇಳಿಕೊಂಡು ಬಾ. ನೀನು ಹೇಳಿದರೆ ನಂಬಿಯಾಳು.